ಲೈಬ್ರರಿಯ ವಿಳಾಸ

ತಮ್ಮ ತಪ್ಪನ್ನು ಬೇರೆಯವರ ಕಂಪ್ಯೂಟರಿನ ತಲೆಗೆ ಕಟ್ಟುವ ಜಾಣರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥ ಒಬ್ಬನನ್ನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಕೋಣೆಯಲ್ಲಿ ಕೂತು, ಪುಟ ವಿನ್ಯಾಸದ ಸಾಫ್ಟ್‌ವೇರಿಗೆ ಜೋಡಿಸುವ ಒಂದು ಪುಟ್ಟ ಪ್ರೋಗ್ರಾಂ, ಪ್ಲಗಿನ್, ಬರೆದಿದ್ದೆ. ಹಳೆಯ ಫಾಂಟಿನಲ್ಲಿದ್ದ ಲಗ್ನಪತ್ರಿಕೆಗಳನ್ನು ಅದು ಈಗಿನ ಯೂನಿಕೋಡಿಗೆ ತರುತ್ತಿತ್ತು. ನಿಜವಾದ ಕೆಲಸ ಮಾಡುತ್ತಿದ್ದದ್ದು ಲೈಬ್ರರಿ ಎನ್ನುವ, ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು; ಬೀಗುತ್ತಿದ್ದದ್ದು ನಾನು. ಆ ಲೈಬ್ರರಿಯನ್ನೂ ಪ್ಲಗಿನ್ನಿನ ಜೊತೆಗೇ ಒಂದೇ ಫೋಲ್ಡರಿನಲ್ಲಿ ಕಟ್ಟಿ, ಸೊರಬದಲ್ಲಿ ಪ್ರೆಸ್ ನಡೆಸುವ ಹೆಂಗಸೊಬ್ಬರಿಗೆ ಕಳಿಸಿದೆ.

ಭಾನುವಾರ ಬೆಳಿಗ್ಗೆ ಅವರ ಫೋನು.

"ಲೈಬ್ರರಿ ಸಿಕ್ತಾ ಇಲ್ಲ ಅಂತಾ ಇದೆ ಕಣ್ರೀ. ನಮ್ಮ ತಂಗಿ ಮದುವೆ ಪತ್ರಿಕೆ. ನಾಳೆ ಸೋಮವಾರ ಮನೆದೇವರ ಮುಂದೆ ಇಡ್ಬೇಕು, ಆಮೇಲೇ ಹಂಚೋದು."

ಮತ್ತೆ ಟೈಪ್ ಮಾಡಿ ಎಂದೆ. ಅವರು ನಕ್ಕರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಯಾರ ಹೆಸರು ಯಾರ ಮೇಲಿರಬೇಕು ಎಂಬುದು ಅಣ್ಣನ ಮದುವೆಯಲ್ಲಿ ಜಗಳವಾಡಿಯೇ ತೀರ್ಮಾನವಾಗಿತ್ತಂತೆ. ಒಂದು ಹೆಸರು ಹಿಂದೆಮುಂದೆ ಆದರೂ ಅರ್ಧ ಬಳಗ ಮದುವೆಗೆ ಬರುವುದಿಲ್ಲ. ಅಣ್ಣನ ಪತ್ರಿಕೆಯ ಆ ಹಳೆಯ ಫೈಲೇ ಬೇಕು.

"ನಿಮ್ಮ ಮಷಿನ್ ಹಳೇದೈತ್ರೀ ಮೇಡಂ. ನನ್ನಲ್ಲಿ ಸರಿಯಾಗೇ ನಡೀತೈತಿ," ಎಂದೆ. ಪರದೆಯ ಮೇಲೆ ಬಂದ ಎರರ್ ಸಂದೇಶದ ಫೋಟೋ ಕಳಿಸಿದರು. ನಾನು ತೆರೆದೂ ನೋಡಲಿಲ್ಲ. ಪ್ಲಗಿನ್ ತೆಗೆದು ಮತ್ತೆ ಹಾಕಿ ಎಂದು ಮೂರು ಸಲ ಹೇಳಿ ಫೋನಿಟ್ಟೆ.

ಸೋಮವಾರ ಬೆಳಿಗ್ಗೆ, ಪಾಠ ಹೇಳಿಕೊಡುವ ಗತ್ತಿನಲ್ಲೇ ಸೊರಬದ ಬಸ್ ಹತ್ತಿದೆ. ಪ್ರೆಸ್ಸಿನಲ್ಲಿ ಪತ್ರಿಕೆಗಳ ಕಟ್ಟು ಸಿದ್ಧವಾಗಿತ್ತು. ಮೊದಲನೆಯದನ್ನು ಆಗಲೇ ಮನೆದೇವರ ಮುಂದಿಟ್ಟು ಬಂದಿದ್ದರಂತೆ.

ಹೇಗೆ ಮಾಡಿದಿರಿ ಎಂದೆ. ಅವರು ಪರದೆ ನನ್ನ ಕಡೆ ತಿರುಗಿಸಿದರು. ಅವರ ಕಂಪ್ಯೂಟರಿನಲ್ಲಿ ನನ್ನ ಹೆಸರಿನದೊಂದು ಫೋಲ್ಡರ್. ಅದರೊಳಗೆ 'ಕೆಲಸ', ಅದರೊಳಗೆ 'ಹೊಸದು', ಅದರೊಳಗೆ 'ಕೊನೆಯದು ೨', ಅಲ್ಲಿ ಆ ಲೈಬ್ರರಿ. ಎಲ್ಲಾ ನನ್ನ ಕೋಣೆಯ ಕಂಪ್ಯೂಟರಿನಲ್ಲಿದ್ದ ಹಾಗೆಯೇ.

"ಲೈಬ್ರರಿ ಪಕ್ಕದಲ್ಲೇ ಇದ್ರೂ ನಿಮ್ಮ ಪ್ಲಗಿನ್ನು ನಿಮ್ಮ ಮನೇನೇ ಹುಡುಕ್ತಾ ಇತ್ತು. ಫೋಟೋದಲ್ಲಿ ವಿಳಾಸ ಇತ್ತಲ್ಲ, ನೋಡ್ಕೊಂಡು ಅದೇ ಮನೇನ ಇಲ್ಲೇ ಕಟ್ಟಿದೆ."

ನನ್ನ ಕಂಪ್ಯೂಟರಿನ ವಿಳಾಸವನ್ನೇ ನಾನು ಪ್ಲಗಿನ್ನಿನೊಳಗೆ ಬರೆದಿಟ್ಟಿದ್ದೆ. ಪ್ಲಗಿನ್ ತಾನಿರುವ ಜಾಗದಿಂದಲೇ ಲೈಬ್ರರಿ ಹುಡುಕುವಂತೆ ಒಂದೇ ಸಾಲು ಬರೆಯಬೇಕಿತ್ತು. ಅವರ ಸ್ಟೂಲಿನ ಮೇಲೆ ಕೂತು ಬರೆದೆ.

"ಇನ್ನು ಆ ಫೋಲ್ಡರ್ ಅಳಿಸಬಹುದ್ರೀ," ಎಂದೆ.

"ಬೇಡ, ಇರ್ಲಿ ಬಿಡ್ರೀ," ಎಂದರು. "ಇನ್ನೊಂದ್ಸಲ ಮಷಿನ್ ಹಳೇದು ಅಂತೀರಲ್ಲ, ಆಗ ತೋರಿಸೋಕೆ ಬೇಕು."