ಒಳಮುಖವಾದ ಪೊರಕೆ

ಲೋಕದ ಸಕಲ ಮನೆಗಳಲ್ಲಿಯೂ ಪೊರಕೆ ಒಳಗಿನಿಂದ ಹೊರಕ್ಕೆ ಸಾಗುತ್ತದೆ; ಅಕ್ಕಸಾಲಿಗನ ಅಂಗಡಿಯಲ್ಲಿ ಮಾತ್ರ ಹೊಸ್ತಿಲಿನಿಂದ ಒಳಕ್ಕೆ. ಅರದ ಬಾಯಿಂದ ಉದುರಿದ ಚಿನ್ನದ ಪುಡಿ ಧೂಳಿನಲ್ಲಿ ಬೆರೆತಿರುವುದರಿಂದ ನಾವು ಕಸವನ್ನು ಎಸೆಯದೆ ಡಬ್ಬಕ್ಕೆ ತುಂಬಿಟ್ಟು, ವರ್ಷಕ್ಕೊಮ್ಮೆ ತೊಳೆದು ಸೋಸುತ್ತೇವೆ. ಕಿಕ್ಕೇರಿಯ ನನ್ನ ಅಂಗಡಿಗೆ ಬರುವ ಹೊಸಬರು ಇದನ್ನು ಕಂಡು, ಮುದುಕನಿಗೆ ಅರಳುಮರಳೆಂದು ಪರಸ್ಪರ ಕಣ್ಣು ಮಿಟುಕಿಸುವುದುಂಟು. ಆ ತೀರ್ಮಾನವನ್ನೂ ನಾನು ಪುರಾವೆಯಿಲ್ಲದೆ ಒಪ್ಪುವವನಲ್ಲ.

ನಾಲ್ಕನೆಯ ತರಗತಿಗೇ ಶಾಲೆಯನ್ನು ಬಿಟ್ಟ (ಶಾಲೆಯೇ ನನ್ನನ್ನು ಬಿಟ್ಟಿತೆಂಬ ಪಾಠಾಂತರವೂ ಉಂಟು) ನಾನು ಗ್ರಂಥಾಲಯದ ಬೆಂಚಿನ ಮೇಲೆ ವಿದ್ಯಾವಂತನಾದವನು. ಹಿರಿಯರ ಮಾತಿರಲಿ, ಅಚ್ಚಾದ ಮಾತಿರಲಿ, ಒರೆಗಲ್ಲಿಗೆ ಉಜ್ಜದೆ ನಂಬಿದವನಲ್ಲ. ಅಂಥವನು ಕಳೆದ ಬೇಸಿಗೆಯಲ್ಲಿ ಒಂದು ಖಗೋಳ ಗ್ರಂಥಕ್ಕೆ ಬೇಷರತ್ತಾಗಿ ಶರಣಾದೆ. ಅನಂತ ವಿಶ್ವದಲ್ಲಿ ಭೂಮಿಯೇ ಒಂದು ಧೂಳಿನ ಕಣ, ಅದರ ಮೇಲಿನ ಮನುಷ್ಯ ಗಣನೆಗೇ ಬಾರನು ಎಂದು ಅದರಲ್ಲಿತ್ತು. ಓದಿ ಮುಗಿಸಿದ ಬೆಳಿಗ್ಗೆ ಎಂಥದೋ ವಿರಕ್ತಿ ಆವರಿಸಿ, ಧೂಳು ಧೂಳನ್ನು ಕಾಯುವುದೇಕೆಂದು, ಅಂಗಡಿಯ ಕಸವನ್ನೆಲ್ಲ ಬೀದಿಗೆ ಗುಡಿಸಿಬಿಟ್ಟೆ.

ವೈರಾಗ್ಯವು ಹನ್ನೊಂದು ಗಂಟೆಯವರೆಗೆ ಸುಗಮವಾಗಿಯೇ ಸಾಗಿತು. ಆಗ ಕ್ಯಾತನಹಳ್ಳಿಯ ಬೋರೇಗೌಡ ಬಸ್ಸಿಳಿದು ಬಂದ. ಹಳೆಯ ಗೆಳೆಯ, ತೀರಿಹೋದ ಹೆಂಡತಿ ನಿಂಗಮ್ಮನ ಮೂಗುಬೊಟ್ಟನ್ನು ಮೊಮ್ಮಗಳಿಗೆ ತೊಡಿಸಲೆಂದು ಮೆರುಗಿಗೆ ಕೊಟ್ಟಿದ್ದ. ಬೊಟ್ಟಿತ್ತು, ಹಿಂದಿನ ತಿರುಪು ಇರಲಿಲ್ಲ. ರಾಗಿಕಾಳಿನಷ್ಟರ ಆ ತಿರುಪು ಹಿಂದಿನ ಸಂಜೆ ಚಿಮಟದಿಂದ ಜಾರಿದ್ದೂ, ಗುಡಿಸುವಾಗ ಹೇಗೂ ಸಿಕ್ಕೀತೆಂದು ನಾನು ಸುಮ್ಮನಾದದ್ದೂ ಆಗ ನೆನಪಾಯಿತು.

ಹೊಸದೊಂದನ್ನು ಪುಕ್ಕಟೆ ಮಾಡಿಕೊಡುವೆನೆಂದೆ. ಸಮಾಧಾನಕ್ಕಿರಲೆಂದು ವಿಶ್ವದ ವಿಸ್ತಾರವನ್ನೂ ಕೊಂಚ ವಿವರಿಸಿದೆ.

“ಒಸದು ನಿಂದಾಯ್ತದೆ ಕಣ್ಲಾ, ಅವಳ್ದಾಗಕಿಲ್ಲ. ದಿನಾ ತಿರುವಿ ತಿರುವಿ ಒಂದು ಮಗ್ಗುಲು ಸವೆಸಿದ್ಲು. ಆಕಾಸದ ಕತೆ ಆಮೇಲೆ ಏಳೀವಂತೆ, ಮೊದ್ಲು ಅದ ಉಡುಕು!”

ಹೀಗೆ ಇಬ್ಬರು ಮುದುಕರು ಮಂಡಿಯೂರಿ ಬೀದಿಯ ಮಣ್ಣನ್ನು ಬಳಿಯತೊಡಗಿದೆವು. ಎದುರಿನ ಟೀ ಅಂಗಡಿಯ ಜಯಮ್ಮ, “ಏನ್ ಗೌಡ್ರೆ, ಆಚಾರ್ರು ರೋಡ್ಗೂ ಮೆರುಗು ಆಕ್ತಾವ್ರಾ?” ಎಂದಳು. ಬೋಗುಣಿಯಲ್ಲಿ ನೀರು ತುಂಬಿ, ಮಣ್ಣು ಹಾಕಿ, ತಿರುಗಿಸಿ ತಿರುಗಿಸಿ ಕದಡು ಚೆಲ್ಲಿದೆ. ಮೊದಲ ಬೋಗುಣಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಬೀಡಿಯ ತುಂಡು. ಗೌಡ ಮತ್ತೊಂದು ಬೊಗಸೆ ಮಣ್ಣು ತಂದು ಸುರಿದ. ಐದನೆಯದರಲ್ಲಿ ಹಗುರವಾದದ್ದೆಲ್ಲ ಹರಿದುಹೋದ ಮೇಲೆ ತಳದಲ್ಲೊಂದು ಹಳದಿ ಚುಕ್ಕೆ ಅಲುಗದೆ ಕುಳಿತಿತ್ತು. ಅವನದನ್ನು ಅಂಗೈಗೆ ಹಾಕಿಕೊಂಡು, ಸವೆದ ಮಗ್ಗುಲನ್ನು ಬೆರಳ ತುದಿಯಿಂದ ಬಹಳ ಹೊತ್ತು ತಡವಿ, “ಇವ್ಳೇ ಕಣ್ಲಾ” ಎಂದ.

ಗ್ರಂಥದ ಅಳತೆ ನಿಜವೇ ಇದ್ದೀತು. ನಕ್ಷತ್ರಗಳನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. ಮನುಷ್ಯ ಧೂಳೆಂಬುದನ್ನೂ ಒಪ್ಪುತ್ತೇನೆ. ಆದರೆ ಓದುಗ ಮಿತ್ರರೇ, ಧೂಳೆಂದರೆ ಕಸವೆಂದವರು ಯಾರು? ಯಾರೇ ಆಗಲಿ, ಅಕ್ಕಸಾಲಿಗರಂತೂ ಅಲ್ಲ.

ಅಂಗಡಿಯಲ್ಲಿ ಪೊರಕೆ ಮತ್ತೆ ಒಳಮುಖವಾಗಿದೆ. ಮನೆಯಲ್ಲಿ ನನ್ನಾಕೆಯ ಪೊರಕೆ ಎಂದಿನಂತೆ ಹೊರಮುಖವೇ. ಆದರೆ ಈಚೆಗೆ ಹೊಸ್ತಿಲ ಬಳಿ ನಿಂತು, “ಒಂದ್ಸಲ ನೋಡ್ಬುಡಿ, ಆಮೇಲೆ ಆಚೆಗೆ ಆಕ್ತೀನಿ” ಎಂದು ಕೂಗುತ್ತಾಳೆ. ನಾನು ಕನ್ನಡಕವೇರಿಸಿ ಬಗ್ಗಿ ನೋಡುತ್ತೇನೆ. ಇದುವರೆಗೆ ಒಂದು ಅಂಗಿಯ ಗುಂಡಿ, ಎರಡು ಹುಣಸೆಬೀಜ ಸಿಕ್ಕಿವೆ. ಮೂರನ್ನೂ ಎತ್ತಿಟ್ಟಿದ್ದೇನೆ.