ಗ್ರಹಣದ ದಿನ ಬೆಂದ ಕೇಕು

ಮಧ್ಯಾಹ್ನವೇ ಕತ್ತಲಾದ ದಿನವೊಂದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಆಗ ನಮ್ಮ ಮನೆ ಗಂಗಾವತಿಯಲ್ಲಿ, ಒಂದು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಅಪ್ಪ ಅದೇ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಗಿರಣಿ ಗುಡುಗುಡು ಎನ್ನುತ್ತಿದ್ದರೆ ಅಡುಗೆ ಮನೆಯ ಗೂಡಿನಲ್ಲಿ ತಾಟು, ಬಟ್ಟಲು ಸಣ್ಣಗೆ ನಡುಗುತ್ತಿದ್ದವು. ಗಾಳಿ ಬೀಸಿದರೆ ಸಾಕು, ಭತ್ತದ ಹೊಟ್ಟು ಹಾರಿ ಬಂದು ಹಾಸಿಗೆಯ ಮೇಲೆ, ಕುಡಿಯುವ ನೀರಿನಲ್ಲಿ, ನಮ್ಮ ತಲೆಗೂದಲಲ್ಲಿ ಕೂರುತ್ತಿತ್ತು.

ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಅಕ್ಕ, ನಾನು ಮತ್ತು ಅತ್ತೆ. ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಹೆಜ್ಜೆ ಸಪ್ಪಳ ಕೇಳದ ಹಾಗೆ ನಡೆಯುತ್ತಿದ್ದಳು. ಓಣಿಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ತಾನಾಗಿಯೇ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಅವಳ ಮುಖ ಎದುರಾದರೆ ಕೆಲಸ ಕೆಡುತ್ತದೆ ಎಂದು ಜನ ಅನ್ನುತ್ತಿದ್ದರು. ನನಗೆ ಮಾತ್ರ ಅವಳ ಮಗ್ಗುಲಲ್ಲಿ ಮಲಗಿದರೇ ನಿದ್ದೆ ಬರುತ್ತಿತ್ತು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಮತ್ತೊಂದು ಗಂಡು ಗೊತ್ತಾಯಿತು. ಕುಷ್ಟಗಿ ಕಡೆಯ ಒಬ್ಬ ಶಾಲೆ ಮಾಸ್ತರರು. ಅವರ ಹೆಂಡತಿಯೂ ತೀರಿಹೋಗಿದ್ದಳು. ಅಪ್ಪನೇ ಹಟ ಹಿಡಿದು ಈ ಸಂಬಂಧ ಕುದುರಿಸಿದ್ದ. ಆದರೆ ಗಂಡ ಸತ್ತವಳು ಮತ್ತೆ ಮದುವೆಯಾದರೆ ಅದನ್ನು ನಮ್ಮ ಕಡೆ ಮದುವೆ ಎನ್ನುತ್ತಿರಲಿಲ್ಲ, ‘ಉಡಿಕಿ’ ಎನ್ನುತ್ತಿದ್ದರು. ಉಡಿಕಿಗೆ ಹಂದರ ಹಾಕುವುದಿಲ್ಲ, ಬಾಜಾ ಬಾರಿಸುವುದಿಲ್ಲ, ಅರಿಶಿನ ಹಚ್ಚುವುದಿಲ್ಲ, ಸಿಹಿ ಮಾಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ದೀಪ ಸಣ್ಣದು ಮಾಡಿ, ಒಂದು ಸೀರೆ ಉಡಿಸಿ, ಹಿತ್ತಲ ಬಾಗಿಲಿನಿಂದ ಕಳಿಸಿಬಿಡುವುದು.

ದಿನ ಗೊತ್ತುಮಾಡುವಾಗ ಅಪ್ಪ, “ಅದರ ಹಿಂದಿನ ದಿನ ಸೂರ್ಯಗ್ರಹಣ ಐತಿ. ಬ್ಯಾರೆ ದಿನ ನೋಡೂಣು” ಎಂದ.

ಅಜ್ಜಿ ಕೌದಿ ಹೊಲಿಯುತ್ತಿದ್ದಳು. ತಲೆ ಎತ್ತದೆ, “ಉಡಿಕಿಗೆ ಮುಹೂರ್ತ ಯಾರು ನೋಡ್ತಾರಪಾ?” ಎಂದಳು.

ಅತ್ತೆ ಅಲ್ಲೇ ಕಂಬದ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ಕೈ ನಿಲ್ಲಲಿಲ್ಲ.

ಕೇಕಿನ ಯೋಚನೆ ಅಕ್ಕನದು. ಅಕ್ಕ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಟೀಚರ್ ತರಬೇತಿ ಮುಗಿಸಿ ಬಂದಿದ್ದಳು. ಅಲ್ಲಿ ಕ್ರಿಶ್ಚಿಯನ್ ಗೆಳತಿಯೊಬ್ಬಳ ಮನೆಯಲ್ಲಿ, ಮದುವೆಗೆಂದು ಮನೆಯವರೇ ಸೇರಿ ದೊಡ್ಡ ಕೇಕ್ ಮಾಡಿದ್ದನ್ನು ನೋಡಿದ್ದಳು. ಅತ್ತೆಗಾಗಿ ಒಂದು ಬೊಗಸೆ ಮಾದಲಿಯನ್ನಾದರೂ, ಮದುವೆಗೆ ಮಾಡುವ ಗೋಧಿ-ಬೆಲ್ಲದ ಸಿಹಿಯನ್ನು, ಮಾಡೋಣ ಎಂದು ಕೇಳಿ ಅಜ್ಜಿಯಿಂದ ಬೈಸಿಕೊಂಡವಳು, ಮರುದಿನ ಬೇರೆ ದಾರಿ ಹಿಡಿದಳು.

“ಅಜ್ಜಿ, ಉಡಿಕಿಗೆ ಮಾದಲಿ ಮಾಡಬಾರ್ದು, ಬುಂದಿ ಮಾಡಬಾರ್ದು, ಖರೇ. ಕೇಕ್ ಮಾಡಬಾರ್ದು ಅಂತ ಯಾರರ ಹೇಳ್ಯಾರೇನು?”

“ಹಂಗಂದ್ರ ಏನದು?”

“ಬ್ರೆಡ್ ಇದ್ದಂಗ ಇರ್ತೈತಿ. ಸಿಹಿ ಇರ್ತೈತಿ.”

“ಅದಕ್ಕ ತತ್ತಿ ಹಾಕ್ತಾರಂತಲ್ಲ?”

“ನಾ ಹಾಕಂಗಿಲ್ಲ. ಮಸರು ಹಾಕ್ತೀನಿ. ಅದು ನಮ್ಮ ಅಡಗೀನ ಅಲ್ಲಬೇ. ಅದಕ್ಕ ನಮ್ಮ ಶಾಸ್ತ್ರ ಹೆಂಗ ಹತ್ತತೈತಿ?”

ಬೇಡ ಎನ್ನಲು ಅಜ್ಜಿಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ. “ಏನರ ಮಾಡ್ಕೋ. ಗ್ರಹಣ ಹಿಡಿಯೂದ್ರಾಗ ಒಲಿ ಆರಿರಬೇಕು ನೋಡು” ಎಂದಷ್ಟೇ ಹೇಳಿದಳು.

ಗ್ರಹಣದ ದಿನ ಅಪ್ಪ ಬೆಳಿಗ್ಗೆಯೇ ಬೀಗರನ್ನು ಕರೆತರಲು ಕುಷ್ಟಗಿಗೆ ಹೋದ. ಅಕ್ಕ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಕೂತು ಕೆಲಸ ಶುರು ಮಾಡಿದಳು. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಅಂಗೈಯಿಂದ ತಿಕ್ಕಿ ತಿಕ್ಕಿ ಹಾಲಿನ ನೊರೆಯಂತೆ ಮಾಡಿದಳು. ನಾನು ಮೈದಾ ಸೋಸಿಕೊಟ್ಟೆ, ಏಲಕ್ಕಿ ಕುಟ್ಟಿದೆ, ಒಣದ್ರಾಕ್ಷಿಯ ತೊಟ್ಟು ಬಿಡಿಸಿದೆ. ಅತ್ತೆ ಸಹಾಯಕ್ಕೆ ಬಂದಾಗ ಅಕ್ಕ ಅವಳ ಕೈ ಹಿಡಿದು ತಡೆದಳು. “ನೀ ಮುಟ್ಟಬ್ಯಾಡ ಅತ್ತಿ. ಮದುಮಗಳು ತನ್ನ ಸಿಹಿ ತಾನ ಮಾಡ್ಕೋತಾಳೇನು?”

ಮದುಮಗಳು ಎಂಬ ಮಾತನ್ನು ಆ ಮನೆಯಲ್ಲಿ ಅಲ್ಲಿಯತನಕ ಯಾರೂ ಆಡಿರಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ನಮ್ಮದು ಹೊಟ್ಟಿನ ಒಲೆ. ದೊಡ್ಡ ತಗಡಿನ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ ನಡುವೆ ತೂತು ಬಿಟ್ಟು ಹೊತ್ತಿಸಿದರೆ ಅದು ಉರಿಯದೆ ಒಳಗೊಳಗೇ ಕಾಯುತ್ತಿತ್ತು. ಆದರೆ ಯಾರಾದರೂ ಮುಂದೆ ಕೂತಿರಬೇಕು. ಹೊಟ್ಟು ಕುಸಿದು ತೂತು ಮುಚ್ಚಿದರೆ ಒಲೆ ಆರಿಹೋಗುತ್ತದೆ. ಅಕ್ಕ ಅದರ ಮೇಲೆ ದೊಡ್ಡ ಪಾತ್ರೆಯಲ್ಲಿ ಮರಳು ಹರಡಿ, ಮರಳಿನ ಮೇಲೆ ಹಿಟ್ಟಿನ ಬೋಗುಣಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದಳು. ಊಟದ ಹೊತ್ತಿಗೆ ಬೇಯುತ್ತದೆ ಎಂದುಕೊಂಡಿದ್ದಳು. ಹೊಟ್ಟು ಹಸಿ ಇತ್ತೋ ಏನೋ, ಮುಚ್ಚಳ ತೆಗೆದಾಗೆಲ್ಲ ನಡುವೆ ಹಿಟ್ಟು ಹಸಿಹಸಿಯಾಗಿಯೇ ಇತ್ತು.

ಅಷ್ಟರಲ್ಲಿ ಗಿರಣಿ ನಿಂತಿತು. ಗ್ರಹಣವೆಂದು ಕೆಲಸದವರೆಲ್ಲ ಮನೆಗೆ ಹೋದರು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ನಿಂತದ್ದೇ ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಓಣಿಯಲ್ಲಿ ಒಂದೊಂದೇ ಬಾಗಿಲು ಮುಚ್ಚುವ ಸಪ್ಪಳ, ಅಗಳಿ ಹಾಕುವ ಸಪ್ಪಳ. ಆಮೇಲೆ ಅದೂ ಇಲ್ಲ.

“ಒಳಗ ಬರ್ರಿ. ಹೋದದ್ದು ಹೋಗ್ಲಿ” ಎಂದು ಅಜ್ಜಿ ನಮ್ಮಿಬ್ಬರನ್ನೂ ಎಳೆದುಕೊಂಡು ಹಿತ್ತಲ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ಕೂತಳು. ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಅವ್ವ ಆಗ ಬಸುರಿ. ಅವಳನ್ನು ಕಿಟಕಿಯಿಲ್ಲದ ಒಳಕೋಣೆಯಲ್ಲಿ ಅಲುಗಾಡಬೇಡ ಎಂದು ಮಲಗಿಸಿದ್ದರು. ಅತ್ತೆ ಪಕ್ಕದ ಅಡುಗೆ ಮನೆಯಲ್ಲಿ ಕೂತಿದ್ದಳು; ಅಲ್ಲಿಂದಲೂ ಹಿತ್ತಲಿಗೆ ಒಂದು ಸಣ್ಣ ಬಾಗಿಲಿತ್ತು. ನೀರಿನ ಕೊಡಗಳ ಮೇಲೆ ಗರಿಕೆ ಬಿದ್ದಿತ್ತು. ಪಡಸಾಲೆಯ ನಡುವೆ ಒಂದು ತಾಟಿನಲ್ಲಿ ಅರಿಶಿನದ ನೀರು ಹಾಕಿ ಅಜ್ಜಿ ಒನಕೆಯನ್ನು ನಿಲ್ಲಿಸಿದ್ದಳು; ಗ್ರಹಣದ ಹೊತ್ತಿನಲ್ಲಿ ಮಾತ್ರ ಅದು ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ. ಯಾರೂ ಹಿಡಿಯದೆ, ಯಾವುದಕ್ಕೂ ಆನಿಸದೆ ಅದು ನೆಟ್ಟಗೆ ನಿಂತಿತ್ತು. ಬುಡ ಸಪಾಟಾಗಿದ್ದರೆ ಒನಕೆ ಯಾವ ದಿನವಾದರೂ ಹಾಗೆ ನಿಲ್ಲುತ್ತದೆ ಎಂದು ಈಗ ನನಗೆ ಗೊತ್ತು. ಆಗ ಮಾತ್ರ ಮನೆಯಲ್ಲಿ ಇನ್ನೊಬ್ಬರು ಬಂದು ನಿಂತ ಹಾಗಿತ್ತು.

ಮಾಳಿಗೆಯ ಬೆಳಕಿಂಡಿಯಿಂದ ನೆಲದ ಮೇಲೆ ದಿನಾ ಬಿಸಿಲಿನದೊಂದು ದುಂಡು ಬೀಳುತ್ತಿತ್ತು. ನೋಡುತ್ತಿದ್ದಂತೆ ಆ ದುಂಡನ್ನು ಯಾರೋ ಕಚ್ಚಿದ ಹಾಗಾಯಿತು. ಅದು ಕುಡುಗೋಲಾಯಿತು, ಆಮೇಲೆ ಕತ್ತರಿಸಿದ ಉಗುರಿನಷ್ಟಾಯಿತು. ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಳಕು ಬಿಸಿಲೂ ಅಲ್ಲ, ಬೆಳದಿಂಗಳೂ ಅಲ್ಲ, ಬೂದಿ ಬಣ್ಣದ್ದು. ಫೆಬ್ರುವರಿಯ ಮಧ್ಯಾಹ್ನದಲ್ಲಿ ನೆಲ ತಣ್ಣಗಾಯಿತು. ಪಕ್ಕದ ಮನೆಯ ಕೋಳಿಗಳು ಗೂಡಿಗೆ ಹೋಗಿ ಕೂತವು. ಬೇವಿನ ಮರದ ತುಂಬ ಕೂಗುತ್ತಿದ್ದ ಕಾಗೆಗಳು ಒಮ್ಮೆಗೇ ಬಾಯಿ ಮುಚ್ಚಿದವು.

“ಅಜ್ಜಿ, ಒಲಿ ಆರತೈತಿ” ಎಂದು ಅಕ್ಕ ಪಿಸುಗುಟ್ಟಿದಳು.

ಅಜ್ಜಿ ನನ್ನ ಮಣಿಕಟ್ಟನ್ನು ಇನ್ನಷ್ಟು ಬಿಗಿದಳು.

ನೆಲದ ಮೇಲಿನ ಬೆಳಕಿನ ಉಗುರು ಅಳಿಸಿಹೋಯಿತು. ನನ್ನ ಕೈ ನನಗೇ ಕಾಣಲಿಲ್ಲ. ಆ ಕತ್ತಲಲ್ಲಿ ನಾನು ಬಾಗಿಲ ಸಂದಿಗೆ ಕಣ್ಣಿಟ್ಟೆ.

ಒಲೆಯ ಮುಂದೆ ಯಾರೋ ಕೂತಿದ್ದರು.

ತಲೆಯ ಮೇಲೆ ಸೆರಗು ಹೊದ್ದಿದ್ದರು. ಕೆಂಡದ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದು ಗದ್ದ, ಮೂಗಿನ ತುದಿ ಮಾತ್ರ ಕೆಂಪಗೆ ಕಾಣುತ್ತಿದ್ದವು. ಕಣ್ಣಿದ್ದಲ್ಲಿ ಕಪ್ಪು. ಆ ಮೂರ್ತಿ ನಿಧಾನವಾಗಿ ಹೊಟ್ಟು ಸುರಿಯುತ್ತಿತ್ತು, ಕಡ್ಡಿಯಿಂದ ಕೆದಕುತ್ತಿತ್ತು. ನಡುನಡುವೆ ತಲೆಯನ್ನು ಹಿಂದಕ್ಕೆ ಹೊರಳಿಸಿ ಯಾರೊಂದಿಗೋ ಮಾತಾಡುತ್ತಿತ್ತು. ಅದರ ಹಿಂದೆ ಯಾರೂ ಇರಲಿಲ್ಲ. ಮೇಲೆ ಆಕಾಶದಲ್ಲಿ ಚುಕ್ಕಿಗಳು ಬಂದಿದ್ದವು. ಅಕ್ಕನೂ ಇನ್ನೊಂದು ಸಂದಿಯಿಂದ ನೋಡುತ್ತಿದ್ದಳು. ಅವಳು ನನ್ನ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆಮೇಲೆ ಬಾಗಿಲ ಸಂದಿಯಲ್ಲಿ ಬೆಳಕು ಫಳ್ಳೆಂದು ಹೊಡೆಯಿತು. ಕೋಳಿ ಕೂಗಿತು. ಅದರ ಹಿಂದೆಯೇ ಓಣಿಯ ಕೋಳಿಗಳೆಲ್ಲ ಕೂಗಿದವು. ಬೆಳಕಿನಲ್ಲಿ ನೋಡಿದರೆ ಒಲೆಯ ಮುಂದೆ ಕೂತವಳು ನಮ್ಮ ಅತ್ತೆ.

ಗ್ರಹಣ ಪೂರ್ತಿ ಬಿಡುವ ತನಕ ಹೊರಗೆ ಹೋಗಬಾರದು. ಆದರೆ ಅಜ್ಜಿ ಅಗಳಿ ತೆಗೆದು ಹಿತ್ತಲಿಗೆ ಓಡಿದಳು. ನನ್ನ ಕೈ ಅವಳ ಹಿಡಿತದಲ್ಲೇ ಇದ್ದುದರಿಂದ ನಾನೂ ಓಡಿದೆ.

“ಯಾಕ ಹೊರಗ ಬಂದಿ? ಬುದ್ಧಿ ಐತಿಲ್ಲ ನಿನಗ?”

ಅತ್ತೆ ಬೆರಗಾಗಿ ನೋಡಿದಳು. “ನೀನ ಕರದ್ಯಲ್ಲಬೇ ಯವ್ವಾ.”

“ನಾ ಕರದಿಲ್ಲ.”

“ಅಡಗಿಮನಿ ಬಾಗಲದಾಗ ನಿಂತು ಕರದಿ. ‘ಒಲಿ ಆರಾಕತ್ತೈತಿ, ನಿನ್ನ ಮದುವಿ ಸಿಹಿ ಕೆಡತೈತಿ, ಬಾ’ ಅಂದಿ. ನೀ ಮುಂದ ಹ್ವಾದಿ, ನಾ ಹಿಂದ ಬಂದೆ. ಇಲ್ಲಿ ನನ್ನ ಹಿಂದ ನಿಂತು ಹೆಗಲ ಮ್ಯಾಲ ಕೈ ಇಟ್ಟಿದ್ದಿ. ಇನ್ನಾ ಸ್ವಲ್ಪ ಹೊಟ್ಟು ಹಾಕ್ಲೇನು ಅಂತ ನಾ ಕೇಳಿದ್ರ ಹೂಂ ಅಂತಿದ್ದಿ.”

ಅಜ್ಜಿ ನನ್ನ ಕಡೆ ನೋಡಿದಳು. ಅಷ್ಟೂ ಹೊತ್ತು ಅವಳು ನನ್ನ ಮಗ್ಗುಲು ಬಿಟ್ಟು ಎದ್ದಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು.

“ದನಿ ನನ್ನದ ಇತ್ತೇನು?” ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

“ನಿನ್ನದ. ನಾ ಸಣ್ಣಾಕಿ ಇದ್ದಾಗ ಕರೀತಿದ್ಯಲ್ಲ, ಹಂಗ.”

ಅಜ್ಜಿ ಅಲ್ಲೇ ಬೇವಿನ ಬೇರಿನ ಮೇಲೆ ಕೂತುಬಿಟ್ಟಳು. ಒಳಗೆ ಪಡಸಾಲೆಯಲ್ಲಿ ಒನಕೆ ದಡ್ ಎಂದು ಬಿತ್ತು. ನಾನು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿದೆ. ಅವಳ ಸೀರೆ ಹೊಗೆಯ ವಾಸನೆ ಹೊಡೆಯುತ್ತಿತ್ತು.

ಗ್ರಹಣ ಬಿಟ್ಟ ಮೇಲೆ ಅಜ್ಜಿ ಎಲ್ಲರಿಗೂ ತಲೆ ಮೇಲೆ ನೀರು ಹಾಕಿದಳು. ಕೊಡದ ನೀರು ಚೆಲ್ಲಿಸಿದಳು, ಬೆಳಗಿನ ರೊಟ್ಟಿ, ಪಲ್ಯ ಎಲ್ಲವನ್ನೂ ಹೊರಗೆ ಹಾಕಿಸಿದಳು. ಕೊನೆಗೆ ಕೇಕಿನ ಬೋಗುಣಿಯ ಮುಂದೆ ಬಂದು ನಿಂತಳು. ಅಕ್ಕ ಅಳಲು ಸಿದ್ಧಳಾಗಿದ್ದಳು. ಅಜ್ಜಿ ಮುಚ್ಚಳ ತೆಗೆದಳು. ಕೇಕು ಉಬ್ಬಿ ನಡುವೆ ಬಿರಿದಿತ್ತು, ಅಂಚು ಒಂದು ಕಡೆ ಕಪ್ಪಾಗಿತ್ತು. ಏಲಕ್ಕಿಯ ಬಿಸಿ ಪರಿಮಳ ಹಿತ್ತಲ ತುಂಬಿತು. ಅಜ್ಜಿ ಅದರ ಬಿರುಕನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಇರ್ಲಿ ಬಿಡು. ಇದೇನು ನಮ್ಮ ಅಡಗಿ ಅಲ್ಲಲ್ಲ” ಎಂದು ಮುಚ್ಚಳ ಮುಚ್ಚಿದಳು.

ಮರುದಿನ ಸಂಜೆ ಕುಷ್ಟಗಿಯವರು ಬಂದರು. ಮಾಸ್ತರರು ಬಿಳಿ ಅಂಗಿ ಹಾಕಿಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ನಿಂತೇ ಇದ್ದರು. ಪದ್ಧತಿಯಂತೆ ಯಾರೋ ಕಂದೀಲಿನ ಬತ್ತಿ ಇಳಿಸಲು ಹೋದರು. ಅಜ್ಜಿ ಅವರ ಕೈಯಿಂದ ಕಂದೀಲು ತೆಗೆದುಕೊಂಡು ಬತ್ತಿ ಏರಿಸಿ, ಅತ್ತೆಯ ಮುಖದ ಎದುರಿಗೇ ಇಟ್ಟಳು. ತಾನೇ ಕೇಕ್ ಕತ್ತರಿಸಿ ಮೊದಲ ತುಂಡನ್ನು ಮಗಳ ಬಾಯಿಗಿಟ್ಟಳು, ಎರಡನೆಯದನ್ನು ಅಳಿಯನಿಗೆ ಕೊಟ್ಟಳು. ಅತ್ತೆ ಅಗಿಯಲಾರದೆ ಬಾಯಿ ತುಂಬ ಇಟ್ಟುಕೊಂಡು ಕೂತಳು, ಕಣ್ಣಿಂದ ನೀರು ಇಳಿಯುತ್ತಿತ್ತು. ನನ್ನ ಪಾಲಿಗೆ ಕಪ್ಪಾದ ಅಂಚು ಬಂತು. ಒಣದ್ರಾಕ್ಷಿ, ಹೊಗೆ, ಬೆಣ್ಣೆ, ಹಲ್ಲಿಗೆ ಸಿಕ್ಕ ಒಂದು ಮರಳಿನ ಕಣ. ಅತ್ತೆಯನ್ನು ಮುಂಬಾಗಿಲಿನಿಂದಲೇ ಕಳಿಸಿದೆವು. ಓಣಿಯ ಹೆಂಗಸರು ಕಿಟಕಿಯ ಹಿಂದಿನಿಂದ ನೋಡುತ್ತಿದ್ದರು.

ಅತ್ತೆ ಅಲ್ಲಿ ಚೆನ್ನಾಗಿ ಬಾಳಿದಳು. ಅವ್ವನಿಗೆ ಬೇಸಿಗೆಯಲ್ಲಿ ಗಂಡುಮಗು ಹುಟ್ಟಿತು, ಅದರ ಮೈಮೇಲೆ ಗ್ರಹಣದ ಗುರುತೇನೂ ಇರಲಿಲ್ಲ. ಅಜ್ಜಿ ಮಾತ್ರ ಸಾಯುವ ತನಕ ಆ ದನಿಯ ಮಾತನ್ನು ಮತ್ತೆ ಎತ್ತಲಿಲ್ಲ. ನಾವೂ ಕೇಳಲಿಲ್ಲ.

ಮೊನ್ನೆ ಇದನ್ನೆಲ್ಲ ನನ್ನ ಮೊಮ್ಮಕ್ಕಳಿಗೆ ಹೇಳಿದೆ. ಅವರು ಕೊಪ್ಪಳದಲ್ಲಿ ಬೆಳೆಯುತ್ತಿರುವ ಮಕ್ಕಳು. ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಹೇಳಿದರೆ ಅವರದೇ ಫೋಟೊ ಅಚ್ಚಾದ ಕೇಕ್ ಬೈಕಿನಲ್ಲಿ ಮನೆಗೆ ಬರುತ್ತದೆ. ಗ್ರಹಣ ಬಂದರೆ ಶಾಲೆಯವರೇ ವಿಶೇಷ ಕನ್ನಡಕ ಕೊಟ್ಟು ಅಂಗಳದಲ್ಲಿ ನಿಲ್ಲಿಸಿ ತೋರಿಸುತ್ತಾರೆ. ಹೋದ ವರ್ಷ ನಮ್ಮ ಬಳಗದಲ್ಲಿಯೇ ಒಬ್ಬಳು ಎರಡನೆಯ ಮದುವೆಯಾದಳು. ಕಲ್ಯಾಣ ಮಂಟಪದಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಈ ಮಕ್ಕಳು ಅಲ್ಲಿ ಬೆವರು ಇಳಿಯುವ ತನಕ ಕುಣಿದರು.

ಕತೆ ಕೇಳಿ ಹೆದರುತ್ತಾರೆ ಎಂದುಕೊಂಡಿದ್ದೆ. ದೊಡ್ಡವನು, “ಆಕಿಗೆ ಹಂಗ ಕೇಳಿಸಿರಬೇಕು ಬಿಡಜ್ಜಿ” ಎಂದು ನಕ್ಕ. ಚಿಕ್ಕವಳು ನಗಲಿಲ್ಲ. ನನ್ನ ಹತ್ತಿರ ಸರಿದು ಕೂತು ಕೇಳಿದಳು:

“ಅಜ್ಜಿ, ಮದುವಿ ಆದಾಕೀನ ಕತ್ತಲದಾಗ ಹಿತ್ತಲ ಬಾಗಲದಿಂದ ಯಾಕ ಕಳಸ್ತಿದ್ರು? ಆಕಿ ಏನು ಮಾಡಿದ್ಲು?”

ಆ ದನಿ ಯಾರದಿತ್ತೆಂದು ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.