ರಂಗೂನಿನ ತಂತಿಯಲ್ಲೊಂದು ಕ್ರಿಯಾಪದ

ಕುದ್ರೋಳಿಯಲ್ಲಿ ಉಮರಬ್ಬನಿಗೆ ಹಗ್ಗದ ಅಂಗಡಿಯಿತ್ತು. ಬೆಂಗ್ರೆಯ ಮೀನುಗಾರರು ಹೊಳೆ ದಾಟಿ ಬಂದು ಲಂಗರಿಗೂ ಬಲೆಗೂ ಬೇಕಾದ ಹಗ್ಗವನ್ನು ಅವನಲ್ಲೇ ಕೊಳ್ಳುತ್ತಿದ್ದರು. ಮನೆ ಅಂಗಡಿಯ ಬೆನ್ನಿಗೇ ಇದ್ದರೂ ಅವನ ಹೆಂಡತಿ ಆಸ್ಯಮ್ಮ ಒಂದು ದಿನವೂ ಅಲ್ಲಿ ಕೂತವಳಲ್ಲ.

೧೯೪೧ರ ಮಳೆಗಾಲ ಕಳೆದ ಮೇಲೆ ಉಮರಬ್ಬ ವ್ಯಾಪಾರ ನೋಡಿ ಬರುತ್ತೇನೆಂದು ರಂಗೂನಿಗೆ ಹೋದ. ಬೆನ್ನಿಗೇ ಆ ಊರಿನ ಮೇಲೆ ಬಾಂಬು ಬಿತ್ತು. ಹೊಸ ವರ್ಷದಲ್ಲಿ ಅವನಿಂದ ಇಂಗ್ಲಿಷಿನಲ್ಲೊಂದು ತಂತಿ ಬಂತು. ನೆರೆಮನೆಯ ಜೆರೋಮ್, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಚಾವಡಿಯಲ್ಲಿ ಕೂತು ಓದಿದರು. ಬರಲು ಹಡಗಿಲ್ಲ ಎಂದಿತ್ತು. ಅದರ ಕೆಳಗೆ ಆಸ್ಯಮ್ಮನ ಹೆಸರು, ಹೆಸರಿನ ಪಕ್ಕದಲ್ಲಿ ‘ಮ್ಯಾನೇಜ್’. ಅಷ್ಟೇ.

“ಹಾಗೆಂದರೆ ಎಂತ ಮಾಸ್ಟ್ರೇ?”

“ಅದಕ್ಕೆ ಎರಡು ಅರ್ಥ ಉಂಟು ಆಸ್ಯಮ್ಮ. ಹಿಡಿತದಲ್ಲಿಟ್ಟು ನಡೆಸು ಅಂತ ಒಂದು. ಹಿಂದೆ ಕುದುರೆ ಪಳಗಿಸುವುದಕ್ಕೆ ಹೇಳುತ್ತಿದ್ದ ಮಾತಂತೆ ಅದು. ಇನ್ನೊಂದು, ಇದ್ದದ್ದರಲ್ಲಿ ಹೇಗಾದರೂ ಸುಧಾರಿಸು ಅಂತ.”

ಉಮರಬ್ಬನ ತಮ್ಮ ಅಹ್ಮದ್ ಬಾವ ಬಾಗಿಲಲ್ಲೇ ನಿಂತಿದ್ದ. “ಅಣ್ಣ ಹೇಳಿದ್ದು ಎರಡನೆಯದೇ. ಅಂಗಡಿಗೆ ಬೀಗ ಹಾಕುವಾ, ಅತ್ತಿಗೆ. ಮನೆಗೆ ಬೇಕಾದ್ದು ನಾನು ತಂದು ಹಾಕ್ತೇನೆ.”

ಆಸ್ಯಮ್ಮ ಜೆರೋಮ್ ಕಡೆ ತಿರುಗಿ ಕೇಳಿದಳು: “ಆಳುವುದಕ್ಕೂ ಸುಧಾರಿಸುವುದಕ್ಕೂ ಅವರಿಗೆ ಒಂದೇ ಮಾತಾ?”

“ಒಂದೇ.”

“ಹಾಗಾದರೆ ಆ ಮಾತನ್ನು ಹುಟ್ಟಿಸಿದ್ದು ಯಾರೋ ಹೆಂಗಸೇ ಇರಬೇಕು.”

ಮರುದಿನ ಅವಳು ಅಂಗಡಿಯ ಒಳಬಾಗಿಲಿಗೆ ಪರದೆ ಕಟ್ಟಿ, ಅದರ ಹಿಂದೆ ಮಣೆ ಹಾಕಿಕೊಂಡು ಕೂತಳು. ಯುದ್ಧದಿಂದಾಗಿ ಹಗ್ಗ ಸಿಗುವುದೇ ಕಷ್ಟವಾಗಿತ್ತು. ಪೇಟೆಯ ವ್ಯಾಪಾರಿಯೊಬ್ಬ ಇದ್ದದ್ದನ್ನೆಲ್ಲ ಒಟ್ಟಿಗೆ ಕೇಳಿದ. ಅವಳು ಕೊಡಲಿಲ್ಲ, ಬೆಂಗ್ರೆಯ ಮನೆಮನೆಗೂ ಸ್ವಲ್ಪಸ್ವಲ್ಪ ಸಿಗುವಂತೆ ನೋಡಿಕೊಂಡಳು. ತನ್ನ ಮಾತು ನಡೆಯುತ್ತದೆಂಬುದು ಅವಳಿಗೆ ಹೊಸ ರುಚಿ.

ಆ ಧೈರ್ಯದಲ್ಲೇ ಒಮ್ಮೆ ಬಿಚ್ಚಿ ನೋಡದೆ ಹಗ್ಗದ ಸುರುಳಿಗಳನ್ನು ಕೊಂಡಳು. ಒಳಗೆ ನೀರಿಳಿದು ಕೊಳೆತಿತ್ತು. ಬೆಂಗ್ರೆಯ ಬೋಜನ ಲಂಗರಿನ ಹಗ್ಗ, ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ತುಂಡಾಗಿ, ದೋಣಿ ಕಲ್ಲಿಗೆ ಬಡಿಯಿತು. ಜನ ಉಳಿದರು, ಬಲೆ ಹೋಯಿತು. ಬೋಜ ತುಂಡುಹಗ್ಗವನ್ನು ಪರದೆಯ ಮುಂದೆ ಎಸೆದ.

“ಇದನ್ನು ನಂಬಿ ನಾಲ್ಕು ಜನ ಕಡಲಿಗೆ ಹೋಗಿದ್ದೆವು ಆಸ್ಯಕ್ಕ!”

ಸಂಜೆ ಅವಳು ಅಹ್ಮದ್ ಬಾವನನ್ನು ಕರೆಸಿ ಬೀಗದ ಕೈ ಮುಂದಿಟ್ಟಳು. “ನಿನ್ನ ಅರ್ಥವೇ ಸರಿ. ಹಿಡಿದು ನಡೆಸುವುದು ನನ್ನಿಂದಾಗುವುದಿಲ್ಲ.”

ಬಾವ ಕೊಳೆತ ಹಗ್ಗದ ಎಳೆ ಬಿಡಿಸಿ ನೋಡಿದ. “ನಾನಾದರೂ ಇದನ್ನೇ ಕೊಳ್ತಿದ್ದೆ ಅತ್ತಿಗೆ. ಮೇಲಿಂದ ಗೊತ್ತೇ ಆಗುವುದಿಲ್ಲ. ಬೀಗದ ಕೈ ನಿಮ್ಮಲ್ಲೇ ಇರಲಿ. ಬೋಜನ ಮನೆಗೆ ನಾನೂ ಬರ್ತೇನೆ.”

ಇಬ್ಬರೂ ದೋಣಿಯಲ್ಲಿ ಬೆಂಗ್ರೆಗೆ ಹೋದರು. ಅವಳು ಬೋಜನ ಹೆಂಡತಿ ದೇಯಿಯ ಪಕ್ಕದಲ್ಲಿ ಕೂತು ತಪ್ಪು ನನ್ನದೇ ಎಂದಳು. ಹೊಸ ಬಲೆಗೆ ಬೇಕಾದ ನೂಲು ಕೊಟ್ಟಳು. ಬೋಜ ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಮುಂದಿನ ಹಗ್ಗಕ್ಕೆ ಅವಳಲ್ಲಿಗೇ ಬಂದ. ಸುರುಳಿಯನ್ನು ಅಂಗಳದಲ್ಲಿ ಪೂರ್ತಿ ಬಿಚ್ಚಿಸಿ ನೋಡಿಯೇ ಕೊಂಡುಹೋದ.

ಮಳೆಗಾಲದ ನಡುವೆ ಉಮರಬ್ಬ ಬಂದ. ಕಾಡುದಾರಿಯಲ್ಲಿ ಗಡಿಯವರೆಗೆ ನಡೆದು, ಜ್ವರದಲ್ಲಿ ಬೆಂದು, ಗುರುತು ಸಿಗದಷ್ಟು ಸೊರಗಿದ್ದ. ಚೇತರಿಸಿಕೊಂಡ ಮೇಲೆ ಅವಳು ತಂತಿಯ ಮಾತೆತ್ತಿದಳು.

“ಹೆದರಬೇಡ ಅಂತ ಹೇಳಿದ್ದೆ,” ಎಂದ. “ಇಂಗ್ಲಿಷಿಗೆ ತಿರುಗಿಸಿದ್ದು ಅಲ್ಲಿಯ ತಂತಿ ಆಫೀಸಿನ ಗುಮಾಸ್ತ. ಅವನು ಎಂತ ಬರೆದನೋ, ನನಗೆಂತ ಗೊತ್ತು?”

ಕಾಲಿಗೆ ಬಲ ಬಂದ ಮೇಲೆ ಉಮರಬ್ಬ ಅಂಗಡಿಯಲ್ಲಿ ಕೂತ. ಬಂದವರು ಅವನಿಗೆ ಸಲಾಂ ಹೇಳಿ, ಬೆಲೆಯನ್ನು ಪರದೆಯ ಕಡೆ ತಿರುಗಿ ಕೇಳುತ್ತಿದ್ದರು. ಕೆಲವು ದಿನ ಅವನ ಮುಖ ಬಿಗಿದುಕೊಂಡಿತ್ತು. ಆಮೇಲೆ ಒಂದು ಬೆಳಿಗ್ಗೆ, ಬೆಂಗ್ರೆಗೆ ಹೋಗಬೇಕಾದ ಸುರುಳಿಗಳನ್ನು ತಾನೇ ಹೆಗಲಿಗೇರಿಸಿಕೊಂಡು ಪರದೆಯ ಕಡೆ ತಿರುಗಿ ಕೇಳಿದ: “ಬರುವಾಗ ಅಲ್ಲಿಂದ ಎಂತಾದರೂ ತರಬೇಕಾ?”

“ಮೀನು ತನ್ನಿ,” ಎಂದಳು ಆಸ್ಯಮ್ಮ.